ಬಿಸಿ ಇಳಿಸಲು ಪ್ರೊಸೆಸರ್ ವೇಗ ತಗ್ಗಿಸುವುದು: ದೋಷ ನಿವಾರಣೆ ಕೈಪಿಡಿ

ಫ್ಯಾನ್ ಸದ್ದು ನಿಲ್ಲುವುದೇ ಇಲ್ಲ, ಕೀಬೋರ್ಡಿನ ಮೇಲಿನ ಸಾಲು ಬೆರಳಿಗೆ ಚುರುಕ್ಕೆನ್ನುತ್ತದೆ, ಬ್ಯಾಟರಿ ಎರಡು ಗಂಟೆಗೇ ಖಾಲಿ. ಇಂಥ ಮಷೀನಿನ ಪ್ರೊಸೆಸರ್ ವೇಗಕ್ಕೆ ನಾವೇ ಒಂದು ಮಿತಿ ಹಾಕಿದರೆ ಬಿಸಿಯೂ ಕರೆಂಟ್ ಖರ್ಚೂ ಇಳಿಯುತ್ತವೆ. ಮಿತಿಯನ್ನು ಸರಿಯಾಗಿ ಆರಿಸಿದರೆ ದಿನದ ಕೆಲಸದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ತೊಂದರೆ ಬರುವುದು ಎರಡು ಕಡೆ. ಕೆಲವು ಮಷೀನಿನಲ್ಲಿ ವೇಗ ಇಳಿಸಿದ ಮೇಲೂ ಬಿಸಿ ಹಾಗೇ ಇರುತ್ತದೆ. ಇನ್ನು ಕೆಲವು, ಯಾರೂ ಏನೂ ಇಳಿಸದಿದ್ದರೂ 0.79 ಗಿಗಾಹರ್ಟ್ಸ್‌ನಲ್ಲಿ ತೆವಳುತ್ತಿರುತ್ತವೆ. ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈಗ ವೇಗವನ್ನು ಹಿಡಿದಿಟ್ಟಿರುವುದು ಯಾವುದು? ತಾಪವೇ, ವ್ಯಾಟ್ ಮಿತಿಯೇ, ಬೋರ್ಡಿನ ಬೇರೆ ಭಾಗ ಕೊಟ್ಟ ಸೂಚನೆಯೇ, ಇಲ್ಲ ನೀವೇ ಹಾಕಿದ ಸೆಟ್ಟಿಂಗೇ? ಇದನ್ನು ತಿಳಿಯದೆ ಚಿಪ್ ಮೇಲೆ ಸವರುವ, ಬಿಸಿ ಸಾಗಿಸುವ ಪೇಸ್ಟ್ ಬದಲಿಸಿ, ಫ್ಯಾನ್ ಬದಲಿಸಿ, ವಿಂಡೋಸ್ ಹೊಸದಾಗಿ ಹಾಕಿದರೆ ದುಡ್ಡು ದಂಡ.

ಮೊದಲು ಅಳತೆ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ನೋಡಿ. ಈಗಿನ ವೇಗವಾದ ‘ಸ್ಪೀಡ್’ ಮತ್ತು ಚಿಪ್‌ನ ಮೂಲ ವೇಗವಾದ ‘ಬೇಸ್ ಸ್ಪೀಡ್’ ಎರಡೂ ಅಲ್ಲೇ ಇರುತ್ತವೆ. ಏನೂ ಕೆಲಸ ಮಾಡದೆ ಇರುವಾಗಲೂ ಬಳಕೆ ಶೇ. 20–30 ತೋರಿಸಿದರೆ ಮುಂದೆ ಹೋಗಬೇಡಿ. ಯಾವುದೋ ಪ್ರೋಗ್ರಾಂ ಹಿಂದೆ ಕೂತು ಓಡುತ್ತಿದೆ. ಸರ್ಚ್ ಇಂಡೆಕ್ಸಿಂಗ್, ಆ್ಯಂಟಿವೈರಸ್ ಸ್ಕ್ಯಾನ್, ಅಪ್‌ಡೇಟ್, ಮರೆತುಹೋದ ಬ್ರೌಸರ್ ಟ್ಯಾಬ್ ಇವೇ ಸಾಮಾನ್ಯ. ಅದನ್ನು ನಿಲ್ಲಿಸಿದರೆ ಅರ್ಧ ಬಿಸಿ ಅಲ್ಲೇ ಹೋಗುತ್ತದೆ.

ಟಾಸ್ಕ್ ಮ್ಯಾನೇಜರ್ ಕಾರಣ ಹೇಳುವುದಿಲ್ಲ. ಅದಕ್ಕೆ ಸೆನ್ಸರ್ ಅಂಕಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಪ್ರೋಗ್ರಾಂ ಹಾಕಿಕೊಂಡು ‘ಸೆನ್ಸರ್ಸ್ ಓನ್ಲಿ’ ಆಯ್ಕೆಯಲ್ಲಿ ತೆರೆಯಿರಿ. ನಾಲ್ಕು ಸಾಲು ಸಾಕು: ಪ್ರತಿ ಕೋರಿನ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ತಾಪ, ಪ್ರತಿ ಕೋರಿನ ವೇಗ, ‘ಪ್ಯಾಕೇಜ್ ಪವರ್’ ಎಷ್ಟು ವ್ಯಾಟ್, ಮತ್ತು ‘ಥರ್ಮಲ್ ಥ್ರಾಟ್ಲಿಂಗ್’ (ಬಿಸಿಯಿಂದ ವೇಗ ತಗ್ಗಿದೆ), ‘ಪವರ್ ಲಿಮಿಟ್ ಎಕ್ಸೀಡೆಡ್’ (ವ್ಯಾಟ್ ಮಿತಿ ಮೀರಿದೆ) ಎಂಬ ಹೌದು–ಇಲ್ಲ ಸೂಚನೆಗಳು. ಇಂಟೆಲ್ ಲ್ಯಾಪ್‌ಟಾಪ್ ಆದರೆ ವೇಗ, ವೋಲ್ಟೇಜ್ ನಿಯಂತ್ರಿಸುವ ಥ್ರಾಟಲ್‌ಸ್ಟಾಪ್ ಪ್ರೋಗ್ರಾಂನ ‘ಲಿಮಿಟ್ಸ್’ ಕಿಟಕಿ ಇದೇ ಮಾಹಿತಿಯನ್ನು ಇನ್ನೂ ನೇರವಾಗಿ ಕೊಡುತ್ತದೆ. ತಡೆ ಹಾಕುತ್ತಿರುವುದರ ಹೆಸರೇ ಬಣ್ಣ ಬದಲಿಸುತ್ತದೆ. ಲಿನಕ್ಸ್‌ನಲ್ಲಿ ಟರ್ಬೋಸ್ಟ್ಯಾಟ್ ಎಂಬ ಆದೇಶ ಓಡಿಸಿದರೆ ವೇಗ, ತಾಪ, ವ್ಯಾಟ್ ಒಟ್ಟಿಗೆ ಸಿಗುತ್ತವೆ.

ಲೋಡ್ ಕೊಡಲು, ಪ್ರೊಸೆಸರ್‌ಗೆ ಅಂಕ ಕೊಡುವ ಸಿನೆಬೆಂಚ್ ಆರ್23 ಪ್ರೋಗ್ರಾಂನ ಮಲ್ಟಿಕೋರ್ ಪರೀಕ್ಷೆ ಹತ್ತು ನಿಮಿಷ ಓಡಲಿ. ಕೋಣೆಯ ತಾಪವನ್ನೂ ಪಕ್ಕದಲ್ಲಿ ಬರೆದಿಡಿ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಚಿಪ್‌ನ ತಾಪ ಕೋಣೆಯ ತಾಪದ ಮೇಲೇ ಕೂರುತ್ತದೆ: ಬೆಳಿಗ್ಗೆ 22 ಡಿಗ್ರಿಯಲ್ಲಿ ಅಳೆದು, ಏಪ್ರಿಲ್ ಮಧ್ಯಾಹ್ನ 35 ಡಿಗ್ರಿಯಲ್ಲಿ ಮತ್ತೆ ಅಳೆದರೆ ಚಿಪ್ ಹೆಚ್ಚೂಕಡಿಮೆ ಆ 13 ಡಿಗ್ರಿಯಷ್ಟೇ ಮೇಲೆ ತೋರಿಸುತ್ತದೆ. ಅದು ದೋಷವಲ್ಲ, ಹವೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿದೆ. ಮೇಲಿನ ಮಹಡಿಯ ಶೀಟ್ ಛಾವಣಿಯ ಕೋಣೆಗಳಲ್ಲಿ ಒಳಗಿನ ತಾಪ ಹೊರಗಿನದನ್ನೂ ಮೀರುತ್ತದೆ.

ಬೆಂಗಳೂರಿನವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಇನ್ನೊಂದು ಸಂಗತಿ ಎತ್ತರ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಕರಾವಳಿಯದ್ದಕ್ಕಿಂತ ಶೇ. 8–9ರಷ್ಟು ತೆಳು. ಫ್ಯಾನ್ ಅದೇ ಆರ್‌ಪಿಎಂನಲ್ಲಿ ತಿರುಗಿದರೂ ಹೊರಗೆ ತಳ್ಳುವ ಗಾಳಿಯ ತೂಕ ಕಡಿಮೆ, ಅದು ಹೊರುವ ಬಿಸಿಯೂ ಕಡಿಮೆ. ಒಂದೇ ಕೋಣೆ ತಾಪದಲ್ಲಿ ಅದೇ ಲ್ಯಾಪ್‌ಟಾಪ್ ಮಂಗಳೂರಿಗಿಂತ ಇಲ್ಲಿ ತುಸು ಹೆಚ್ಚು ಬಿಸಿಯಾಗುವುದು ಸಹಜ.

ತಾಪ ಏರುವ ರೀತಿಯೇ ಕಾರಣ ಹೇಳುತ್ತದೆ

ಎಷ್ಟು ಡಿಗ್ರಿ ಎನ್ನುವುದಕ್ಕಿಂತ ಎಷ್ಟು ಬೇಗ ಅಲ್ಲಿಗೆ ಹೋಯಿತು ಎನ್ನುವುದು ಮುಖ್ಯ. ಲೋಡ್ ಕೊಟ್ಟ ಒಂದೆರಡು ಸೆಕೆಂಡಿನಲ್ಲೇ 50ರಿಂದ 97ಕ್ಕೆ ಹಾರಿ ಅಲ್ಲೇ ನಿಂತರೆ, ಚಿಪ್‌ನ ಬಿಸಿ ಅದರ ಮೇಲೆ ಕೂರುವ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ತಲುಪುತ್ತಿಲ್ಲ: ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸ್ಕ್ರೂ ಸಡಿಲವಾಗಿದೆ. ಕೋರ್‌ಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಒಂದು ಕಡೆ ಪೇಸ್ಟ್ ಇಲ್ಲ, ಇಲ್ಲವೆ ಹೀಟ್‌ಸಿಂಕ್ ಓರೆಯಾಗಿ ಕೂತಿದೆ ಎಂಬ ಅನುಮಾನ ಬಲವಾಗುತ್ತದೆ. ಹಾಗಲ್ಲದೆ ಐದು–ಹತ್ತು ನಿಮಿಷದಲ್ಲಿ ನಿಧಾನವಾಗಿ ಏರಿ ಮಿತಿ ಮುಟ್ಟಿದರೆ ಪೇಸ್ಟ್ ಚೆನ್ನಾಗಿದೆ, ಗಾಳಿ ಸಾಲದು.

ಕೈಯನ್ನು ಗಾಳಿ ಹೊರಬರುವ ಜಾಗದ ಮುಂದೆ ಹಿಡಿದು ಖಾತ್ರಿ ಮಾಡಿಕೊಳ್ಳಬಹುದು. ಚಿಪ್ 95 ಡಿಗ್ರಿ ಇದ್ದರೂ ಹೊರಬರುವ ಗಾಳಿ ಬರೀ ಬೆಚ್ಚಗಿದ್ದರೆ ಪೇಸ್ಟ್ ಅಥವಾ ಬಿಸಿ ಸಾಗಿಸುವ ಕೊಳವೆಯಾದ ಹೀಟ್‌ಪೈಪ್ ದೋಷ. ಗಾಳಿ ಸುಡುವಷ್ಟಿದ್ದು ರಭಸ ಇಲ್ಲದಿದ್ದರೆ ಹೀಟ್‌ಸಿಂಕಿನ ತೆಳು ಲೋಹದ ಹಾಳೆಗಳಾದ ಫಿನ್‌ಗಳ ನಡುವೆ ಧೂಳು. ಮೆಟ್ರೋ ಕಾಮಗಾರಿ, ಅಗೆದ ರಸ್ತೆಯ ಪಕ್ಕದ ಮನೆಗಳಲ್ಲಿ ಈ ಧೂಳು ಫ್ಯಾನಿನ ಮೇಲೆ ಕಾಣುವುದಿಲ್ಲ. ಫ್ಯಾನ್ ಮತ್ತು ಫಿನ್ ನಡುವಿನ ಸಂದಿನಲ್ಲಿ ಹತ್ತಿಯ ಹಾಳೆಯ ಹಾಗೆ ಕಟ್ಟಿಕೊಂಡಿರುತ್ತದೆ. ಹೊರಗಿನಿಂದ ಊದಿದರೆ ಅದು ಒಳಗೇ ಸರಿಯುತ್ತದೆ. ಫ್ಯಾನ್ ಬಿಚ್ಚಿ ತೆಗೆಯಬೇಕು. ಬ್ಲೋಯರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ಒತ್ತಿಡಿ. ಬಿಟ್ಟರೆ ಅತಿ ವೇಗಕ್ಕೆ ತಿರುಗಿ ಬೇರಿಂಗ್ ಕೆಡುತ್ತದೆ, ಮೋಟರು ಡೈನಮೋದಂತೆ ವೋಲ್ಟೇಜನ್ನು ಬೋರ್ಡಿನ ಕಡೆಗೂ ತಳ್ಳಬಹುದು.

ಪೇಸ್ಟ್ ಬದಲಿಸಬೇಕಾದರೆ ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಕಳಚಿ, ಹೀಟ್‌ಸಿಂಕ್ ಮೇಲೆ ಅಚ್ಚಾಗಿರುವ ಅಂಕಿಗಳ ಹಿಮ್ಮುಖ ಕ್ರಮದಲ್ಲಿ ಸ್ಕ್ರೂ ಸಡಿಲಿಸಿ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಲ್ಯಾಪ್‌ಟಾಪ್ ಚಿಪ್ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಆದ್ದರಿಂದ ಹೊಳೆಯುವ ಮೇಲ್ಮೈ ಪೂರ್ತಿ ಮುಚ್ಚುವಂತೆ ತೆಳ್ಳಗೆ ಸವರಬೇಕು. ಡೆಸ್ಕ್‌ಟಾಪ್ ಚಿಪ್‌ಗೆ ನಡುವೆ ಬಟಾಣಿ ಗಾತ್ರದಷ್ಟು ಸಾಕು. ಪಕ್ಕದ ಭಾಗಗಳ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿದರೆ ಅಷ್ಟೇ ದಪ್ಪದ ಪ್ಯಾಡ್ ತರಬೇಕು. ಆ ಜಾಗಕ್ಕೆ ಪೇಸ್ಟ್ ಮೆತ್ತಿದರೆ ಅಂತರ ತುಂಬುವುದಿಲ್ಲ. ದಪ್ಪ ಹೆಚ್ಚಾದರೆ ಹೀಟ್‌ಸಿಂಕ್ ಎತ್ತಿಕೊಂಡು ಪ್ರೊಸೆಸರ್ ಮೇಲಿನ ಒತ್ತಡವೇ ಹೋಗುತ್ತದೆ.

ಬಿಸಿ ಇಲ್ಲ, ಆದರೂ ನಿಧಾನ

ತಾಪ 45 ಡಿಗ್ರಿ, ವೇಗ 0.39 ಅಥವಾ 0.79 ಗಿಗಾಹರ್ಟ್ಸ್‌ಗೆ ಅಂಟಿಕೊಂಡಿದೆ. ಇದು ಬಹುತೇಕ ‘ಬಿಡಿ ಪ್ರೊಕ್‌ಹಾಟ್’ ಎಂಬ ಸೂಚನಾ ತಂತಿಯ ಕೆಲಸ. ಪ್ರೊಸೆಸರ್ ತಾನೇ ಬಿಸಿಯಾದಾಗ ಹೊರಗೆ ಹೇಳಲು ಇರುವ ಈ ತಂತಿ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ಬೋರ್ಡಿನ ಬೇರೆ ಭಾಗಗಳೂ ಅದನ್ನು ಎಳೆದು ‘ನಿಧಾನಿಸು’ ಎನ್ನಬಹುದು.

ಹೆಚ್ಚಾಗಿ ಎಳೆಯುವುದು ಚಾರ್ಜರ್. ಕೆಲವು ಕಂಪನಿಗಳ ಚಾರ್ಜರ್ ಪಿನ್‌ನ ನಡುವೆ ಸಣ್ಣ ಗುರುತಿನ ಕಡ್ಡಿ ಇರುತ್ತದೆ. ತಾನು ಎಷ್ಟು ವ್ಯಾಟಿನದು ಎಂದು ಅದರ ಮೂಲಕ ಲ್ಯಾಪ್‌ಟಾಪ್‌ಗೆ ತಿಳಿಸುತ್ತದೆ. ಕಡ್ಡಿ ಬಾಗಿದರೆ, ಕೇಬಲ್ ಒಳಗೆ ಆ ಎಳೆ ತುಂಡಾದರೆ, ಅಗ್ಗದ ನಕಲಿ ಚಾರ್ಜರ್‌ನಲ್ಲಿ ಗುರುತಿನ ಚಿಪ್ಪೇ ಇಲ್ಲದಿದ್ದರೆ ಲ್ಯಾಪ್‌ಟಾಪ್ ಸುರಕ್ಷತೆಗೆಂದು ಕನಿಷ್ಠ ವೇಗಕ್ಕೆ ಇಳಿಯುತ್ತದೆ. ಪರೀಕ್ಷೆ ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ವೇಗ ತಕ್ಷಣ ಮರಳಿದರೆ ದೋಷ ಚಾರ್ಜರ್‌ನದು ಅಥವಾ ಲ್ಯಾಪ್‌ಟಾಪ್ ಬದಿಯ ಜ್ಯಾಕಿನದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿಗೆ ಹೋಗುವುದಾದರೆ ಹಳೆಯ ಚಾರ್ಜರ್ ಮೇಲಿನ ಪಾರ್ಟ್ ನಂಬರ್, ವೋಲ್ಟ್, ಆಂಪಿಯರ್ ಮೂರನ್ನೂ ಬರೆದುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ವೇಗ ನೋಡಿ. ಪಿನ್ ಹೊಂದಿತು ಅಂದರೆ ಚಾರ್ಜರ್ ಹೊಂದಿತು ಎಂದಲ್ಲ.

ಟೈಪ್-ಸಿ ಚಾರ್ಜರ್ ಆದರೆ ಕೇಬಲ್ ಮೇಲೆ ಕಣ್ಣಿಡಿ. ಗುರುತಿನ ಚಿಪ್ ಇಲ್ಲದ ಸಾಮಾನ್ಯ ಕೇಬಲ್ 3 ಆಂಪಿಯರ್‌ಗೆ ನಿಲ್ಲುತ್ತದೆ, 20 ವೋಲ್ಟ್‌ನಲ್ಲಿ ಅದು 60 ವ್ಯಾಟ್. ನೀವು ತಂದದ್ದು 100 ವ್ಯಾಟ್ ಚಾರ್ಜರ್ ಆದರೂ 5 ಆಂಪಿಯರ್ ಕೇಬಲ್ ಇಲ್ಲದೆ ಅಷ್ಟು ಬರುವುದಿಲ್ಲ, ಮಷೀನ್ ತಗ್ಗಿಯೇ ಓಡುತ್ತದೆ.

ಚಾರ್ಜರ್ ಸರಿಯಿದ್ದರೆ ಮಷೀನ್ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನ ನಿಯಂತ್ರಕ ಚಿಪ್ ಹೊಸದಾಗಿ ಶುರುವಾಗಿ ಅಂಟಿಕೊಂಡ ಸೂಚನೆ ಬಿಡಬಹುದು. ಥ್ರಾಟಲ್‌ಸ್ಟಾಪ್‌ನಲ್ಲಿ ‘ಬಿಡಿ ಪ್ರೊಕ್‌ಹಾಟ್’ ಟಿಕ್ ತೆಗೆದರೂ ವೇಗ ಬರುತ್ತದೆ. ಅದನ್ನು ಕಾರಣ ಖಾತ್ರಿಪಡಿಸಲು ಮಾತ್ರ ಬಳಸಿ, ಹಾಗೇ ಬಿಡಬೇಡಿ. ಪ್ರೊಸೆಸರ್ ತನ್ನ ಒಳಗಿನ ತಾಪದಿಂದ ತಾನು ಉಳಿದುಕೊಳ್ಳುತ್ತದೆ. ಆದರೆ ಅದಕ್ಕೆ ಕರೆಂಟ್ ಕೊಡುವ ವಿಆರ್‌ಎಂ ಭಾಗ ನಿಜವಾಗಿಯೂ ಕಾದು ಕೂಗುತ್ತಿದ್ದರೆ, ಆ ಕೂಗನ್ನೇ ನೀವು ಮುಚ್ಚಿದಂತೆ.

ವಿಂಡೋಸ್ ತನ್ನ ಎಚ್ಚರಿಕೆ, ದೋಷಗಳನ್ನು ದಾಖಲಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪ್ರೊಸೆಸರ್-ಪವರ್ ಹೆಸರಿನಲ್ಲಿ 37ನೇ ಸಂಖ್ಯೆಯ ಎಚ್ಚರಿಕೆ ಇದ್ದರೆ, ವೇಗ ಇಳಿಸಿದ್ದು ವಿಂಡೋಸ್ ಅಲ್ಲ, ಬೋರ್ಡಿನಲ್ಲೇ ಇರುವ ತಂತ್ರಾಂಶವಾದ ಫರ್ಮ್‌ವೇರ್ ಎಂದರ್ಥ. ಹಾಗಿದ್ದಾಗ ಪವರ್ ಪ್ಲಾನ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ.

ತಾಪ 70 ಇದ್ದು, ಲೋಡ್ ಶುರುವಾದ ಅರ್ಧ ನಿಮಿಷಕ್ಕೆ ವೇಗ ಮೆಟ್ಟಿಲಿಳಿದು ಅಲ್ಲೇ ಸ್ಥಿರವಾಗಿ ನಿಂತರೆ ಅದು ದೋಷವೇ ಅಲ್ಲ. ಇಂಟೆಲ್ ಚಿಪ್‌ಗಳು ಸ್ವಲ್ಪ ಹೊತ್ತು ಪಿಎಲ್2 ಎಂಬ ದೊಡ್ಡ ವ್ಯಾಟ್ ಮಿತಿಯಲ್ಲಿ ಓಡಿ ಆಮೇಲೆ ನಿರಂತರ ಓಟದ ಚಿಕ್ಕ ಮಿತಿಯಾದ ಪಿಎಲ್1ಕ್ಕೆ ಇಳಿಯುತ್ತವೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಅವಧಿ 28 ಸೆಕೆಂಡ್.

ವೇಗ ಇಳಿಸಿದರೆ ಬಿಸಿ ಏಕೆ ಅಷ್ಟೊಂದು ಇಳಿಯುತ್ತದೆ

ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ ಅನುಗುಣ. 4.0 ಗಿಗಾಹರ್ಟ್ಸ್‌ಗೆ 1.25 ವೋಲ್ಟ್ ಬೇಕಾಗುವ ಒಂದು ಚಿಪ್ 3.2 ಗಿಗಾಹರ್ಟ್ಸ್‌ಗೆ 1.05 ವೋಲ್ಟ್‌ನಲ್ಲಿ ಸುಧಾರಿಸುತ್ತದೆ ಅಂದುಕೊಳ್ಳಿ. ವೇಗ 0.8 ಪಟ್ಟು, ವೋಲ್ಟೇಜ್ ವರ್ಗ 0.71 ಪಟ್ಟು, ಗುಣಿಸಿದರೆ 0.56. ವೇಗ ಶೇ. 20 ಬಿಟ್ಟುಕೊಟ್ಟು ವಿದ್ಯುತ್ತು ಶೇ. 44 ಉಳಿಯಿತು. ಉಳಿತಾಯ ಬರುವುದು ವೋಲ್ಟೇಜ್ ಇಳಿಯುವುದರಿಂದ, ಬರೀ ವೇಗದಿಂದಲ್ಲ.

ಅದೇ ಕಾರಣಕ್ಕೆ ಮಿತಿ ಮೀರಿ ಇಳಿಸುವುದೂ ತಪ್ಪು. ಒಂದು ಹಂತದ ಕೆಳಗೆ ವೋಲ್ಟೇಜ್ ಇಳಿಯುವುದೇ ಇಲ್ಲ. 1 ಗಿಗಾಹರ್ಟ್ಸ್‌ಗೆ ಕಟ್ಟಿದರೆ ಅದೇ ಕೆಲಸ ಮೂರು ಪಟ್ಟು ಹೊತ್ತು ಹಿಡಿಯುತ್ತದೆ; ಅಷ್ಟು ಹೊತ್ತೂ ಪರದೆ, ರ‍್ಯಾಮ್, ಎಸ್‌ಎಸ್‌ಡಿ ಎಚ್ಚರವಾಗೇ ಇರಬೇಕು. ಬೇಗ ಮುಗಿಸಿ ನಿದ್ದೆಗೆ ಜಾರುವ ಚಿಪ್‌ಗಿಂತ ಇದು ಬ್ಯಾಟರಿ ಹೆಚ್ಚು ತಿನ್ನಬಹುದು. ‘ಕ್ಲಾಕ್ ಮಾಡ್ಯುಲೇಷನ್’ ಹೆಸರಿನ ಆಯ್ಕೆಯೂ ಹೀಗೇ: ವೋಲ್ಟೇಜ್ ಹಾಗೇ ಇಟ್ಟು ನಡುನಡುವೆ ಮಿಡಿತ ಹಾರಿಸುತ್ತದೆ. ಬಿಸಿ ಇಳಿಯುತ್ತದೆ, ಒಂದು ಕೆಲಸಕ್ಕೆ ಆಗುವ ಖರ್ಚು ಇಳಿಯುವುದಿಲ್ಲ. ಅದನ್ನು ಆಫ್ ಇಡಿ.

ಗರಿಷ್ಠ ಟರ್ಬೋ (ಚಿಪ್ ತಾನಾಗಿ ಬೇಸ್‌ಗಿಂತ ಮೇಲೇರುವ ವೇಗ) ಮತ್ತು ಬೇಸ್ ವೇಗದ ನಡುವೆ, ಬೇಸ್‌ಗಿಂತ ಸಾಕಷ್ಟು ಮೇಲೆ, ಹಿತವಾದ ಜಾಗ ಇರುತ್ತದೆ. ಅದನ್ನು ಹುಡುಕುವುದೇ ಈ ಕೆಲಸದ ತಿರುಳು.

ವಿಂಡೋಸ್‌ನಲ್ಲಿ

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’, ‘ಅಡ್ವಾನ್ಸ್ಡ್’, ಅಲ್ಲಿ ‘ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್’ ಒಳಗಿನ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನು 100ರಿಂದ 99 ಮಾಡಿ. ಈ ಒಂದು ಅಂಕಿಯ ವ್ಯತ್ಯಾಸಕ್ಕೆ ಟರ್ಬೋ ಪೂರ್ತಿ ನಿಲ್ಲುತ್ತದೆ. ವೆಬ್ ಪುಟ ತೆರೆದಾಗಲೆಲ್ಲ ಫ್ಯಾನ್ ಏರುವ ಮಷೀನಿಗೆ ಇದರಷ್ಟು ಪರಿಣಾಮಕಾರಿ ಬೇರೊಂದಿಲ್ಲ. ಚಿಕ್ಕ ಕೆಲಸಕ್ಕೂ ಒಂದು ಕೋರ್ ಅತಿ ಹೆಚ್ಚು ವೋಲ್ಟೇಜ್‌ಗೆ ಜಿಗಿಯುವುದೇ ಆ ಸದ್ದಿಗೆ ಕಾರಣ.

ಆದರೆ ಬೇಸ್ ವೇಗ ಬಹಳ ಕಡಿಮೆ ಇರುವ ಚಿಪ್‌ಗಳಿಗೆ ಇದು ಅತಿಯಾಗುತ್ತದೆ. ಐ5-8250ಯು ಟರ್ಬೋದಲ್ಲಿ 3.4 ಗಿಗಾಹರ್ಟ್ಸ್, ಬೇಸ್ ಬರೀ 1.6. ಟರ್ಬೋ ಕಿತ್ತರೆ ವೀಡಿಯೋ ಕಾಲ್‌ನಲ್ಲೇ ತಡವರಿಸುತ್ತದೆ. ಅಂಥದ್ದಕ್ಕೆ ಮೆಗಾಹರ್ಟ್ಸ್ ಲೆಕ್ಕದಲ್ಲಿ ಮಿತಿ ಹಾಕುವ ‘ಮ್ಯಾಕ್ಸಿಮಮ್ ಪ್ರೊಸೆಸರ್ ಫ್ರೀಕ್ವೆನ್ಸಿ’ ಬೇಕು. ಅದು ಮುಚ್ಚಿಟ್ಟ ಆಯ್ಕೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಪವರ್‌ಸಿಎಫ್‌ಜಿಯ ‘ಆಟ್ರಿಬ್ಯೂಟ್ಸ್’ ಆದೇಶಕ್ಕೆ ‘ಸಬ್ ಪ್ರೊಸೆಸರ್’ ಗುಂಪು, ‘ಪ್ರಾಕ್‌ಫ್ರೀಕ್‌ಮ್ಯಾಕ್ಸ್’ ಹೆಸರು ಕೊಟ್ಟು ‘ಆಟ್ರಿಬ್ ಹೈಡ್’ ಮುಂದೆ ಮೈನಸ್ ಚಿಹ್ನೆ ಹಾಕಿದರೆ (powercfg -attributes SUB_PROCESSOR PROCFREQMAX -ATTRIB_HIDE) ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸೊನ್ನೆ ಎಂದರೆ ಮಿತಿ ಇಲ್ಲ. 8250ಯುಗೆ 2600ರಿಂದ ಶುರುಮಾಡಿ, 200ರ ಹೆಜ್ಜೆಯಲ್ಲಿ ಏರಿಸಿ–ಇಳಿಸಿ ನೋಡಿ; ಪ್ರತಿ ಹೆಜ್ಜೆಗೂ ಹತ್ತು ನಿಮಿಷದ ಪರೀಕ್ಷೆ ಓಡಿಸಿ ಅಂಕ ಮತ್ತು ವ್ಯಾಟ್ ಬರೆದಿಡಿ. ಅಂಕವನ್ನು ವ್ಯಾಟ್‌ನಿಂದ ಭಾಗಿಸಿದಾಗ ಸಿಗುವ ಬೆಲೆ ಎಲ್ಲಿ ಏರುವುದು ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಹೋಗಿ ಲಾಭವಿಲ್ಲ.

ಸೆಟ್ಟಿಂಗ್ ಹಾಕಿದರೂ ಫಲ ಕಾಣದಿದ್ದರೆ ಮೊದಲು ‘ಆನ್ ಬ್ಯಾಟರಿ’, ‘ಪ್ಲಗ್ಡ್ ಇನ್’ ಎರಡನ್ನೂ ಬದಲಿಸಿದ್ದೀರಾ ನೋಡಿ. ಬಳಿಕ ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಆ್ಯಪ್: ಅದರ ‘ಪರ್ಫಾರ್ಮೆನ್ಸ್’ ಮೋಡ್ ವಿಂಡೋಸ್ ಪ್ಲಾನ್ ಮೇಲೆ ತನ್ನದನ್ನು ಹೇರುತ್ತದೆ, ಅದನ್ನು ಮೊದಲು ‘ಸೈಲೆಂಟ್’ ಅಥವಾ ‘ಬ್ಯಾಲೆನ್ಸ್ಡ್’ಗೆ ತನ್ನಿ. 12ನೇ ತಲೆಮಾರಿನಿಂದ ಈಚಿನ ಹಲವು ಇಂಟೆಲ್ ಚಿಪ್‌ಗಳಲ್ಲಿ ದೊಡ್ಡ ಕೋರ್, ಸಣ್ಣ ಕೋರ್ ಎಂದು ಎರಡು ಬಗೆ ಇರುತ್ತವೆ. ಅವಕ್ಕೆ ಪ್ರತ್ಯೇಕ ಮಿತಿ ಆಯ್ಕೆಗಳಿವೆ, ‘ಎಫಿಷಿಯೆನ್ಸಿ ಕ್ಲಾಸ್ 1’ ಎಂಬ ಎರಡನೆಯದನ್ನೂ ತೆರೆದು ಬದಲಿಸದಿದ್ದರೆ ಒಂದು ಬಗೆಯ ಕೋರ್ ಟರ್ಬೋದಲ್ಲೇ ಉಳಿಯಬಹುದು. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ಪೂ ಅದೇ ಹೀಟ್‌ಪೈಪ್ ಹಂಚಿಕೊಳ್ಳುತ್ತದೆ. ಅದು 80 ವ್ಯಾಟ್ ಸುರಿಯುತ್ತಿರುವಾಗ ಪ್ರೊಸೆಸರ್ ಒಂದನ್ನೇ ಇಳಿಸಿದರೆ ತಾಪ ಕದಲುವುದಿಲ್ಲ. ಆಟಕ್ಕೆ 60 ಫ್ರೇಮ್ ಮಿತಿ ಹಾಕಿ.

ಲಿನಕ್ಸ್‌ನಲ್ಲಿ

ವೇಗ ನಿಯಂತ್ರಿಸುವ ಇಂಟೆಲ್ ಪಿ-ಸ್ಟೇಟ್ ಡ್ರೈವರ್ ಇದ್ದರೆ ಅದರ ‘ನೋ ಟರ್ಬೋ’ ಫೈಲಿಗೆ 1 ಬರೆದರೆ ಟರ್ಬೋ ನಿಂತಿತು. ನಿರ್ದಿಷ್ಟ ಮಿತಿಗೆ ಸಿಪಿಯುಪವರ್ ಸಾಧನ ಬಳಸಿ. ಕೈಯಾರೆ ‘ಸ್ಕೇಲಿಂಗ್ ಮ್ಯಾಕ್ಸ್ ಫ್ರೀಕ್ವೆನ್ಸಿ’ ಬರೆಯುವವರು ಎರಡು ತಪ್ಪು ಮಾಡುತ್ತಾರೆ. ಆ ಫೈಲಿನ ಲೆಕ್ಕ ಕಿಲೋಹರ್ಟ್ಸ್‌ನಲ್ಲಿ, 2.6 ಗಿಗಾಹರ್ಟ್ಸ್ ಅಂದರೆ 2600000. ಮತ್ತು ಅದು ಪ್ರತಿ ಕೋರಿಗೂ ಬೇರೆ ಬೇರೆ, ಮೊದಲ ಕೋರಿಗೆ ಮಾತ್ರ ಬರೆದರೆ ಉಳಿದವು ಹಾರುತ್ತಲೇ ಇರುತ್ತವೆ. ವೇಗ ಏರಿಳಿಸುವ ನೀತಿಯಾದ ಗವರ್ನರ್ ‘ಪವರ್‌ಸೇವ್’ ಎಂದು ಕಂಡರೆ ಗಾಬರಿ ಬೇಡ: ಪಿ-ಸ್ಟೇಟ್‌ನಲ್ಲಿ ಅದು ಬೇಡಿಕೆಗೆ ತಕ್ಕಂತೆ ಏರಿಳಿಯುತ್ತದೆ, ಹಳೆಯ ಎಸಿಪಿಐ ಡ್ರೈವರ್‌ನಲ್ಲಿ ಮಾತ್ರ ಕನಿಷ್ಠ ವೇಗಕ್ಕೆ ಕಟ್ಟಿಹಾಕುತ್ತದೆ. ವಿದ್ಯುತ್ ಬಳಕೆ ನಿಭಾಯಿಸುವ ಟಿಎಲ್‌ಪಿ ಮತ್ತು ಪವರ್-ಪ್ರೊಫೈಲ್ಸ್-ಡೀಮನ್ ಎರಡನ್ನೂ ಒಟ್ಟಿಗೆ ಇಡಬೇಡಿ. ಒಂದು ಹಾಕಿದ್ದನ್ನು ಇನ್ನೊಂದು ಅಳಿಸುತ್ತದೆ.

ಡೆಸ್ಕ್‌ಟಾಪ್: ವ್ಯಾಟ್‌ಗೆ ಮಿತಿ ಹಾಕಿ

ಇಲ್ಲಿ ವೇಗಕ್ಕಿಂತ ವ್ಯಾಟ್ ಮಿತಿ ಉತ್ತಮ. ಒಂದೆರಡು ಕೋರ್ ಕೆಲಸಕ್ಕೆ ಪೂರ್ತಿ ವೇಗ ಉಳಿಯುತ್ತದೆ, ಎಲ್ಲ ಕೋರ್ ಒಟ್ಟಿಗೆ ಎದ್ದಾಗ ಮಾತ್ರ ಮಿತಿ ಕೆಲಸ ಮಾಡುತ್ತದೆ. ‘65 ವ್ಯಾಟ್’ ಎಂದು ಪೆಟ್ಟಿಗೆ ಮೇಲೆ ಬರೆದ ಐ7-12700ರ ಪಿಎಲ್2 180 ವ್ಯಾಟ್. ಅದನ್ನು ವಿಆರ್‌ಎಂಗೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಿಗೆ ಕೂರಿಸಿದರೆ ಪ್ರೊಸೆಸರ್ 70 ಡಿಗ್ರಿಯಲ್ಲಿದ್ದರೂ ವಿಆರ್‌ಎಂ ಕಾದು ವೇಗ ಗರಗಸದಂತೆ ಏರಿಳಿಯುತ್ತದೆ. ಮಷೀನ್ ಶುರುವಾಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಬಯೋಸ್‌ನಲ್ಲಿ ಪಿಎಲ್1 65, ಪಿಎಲ್2 95ರ ಆಸುಪಾಸು ಇಡಿ. ಗರಗಸ ನಿಂತು ಸರಾಸರಿ ವೇಗ ಎಷ್ಟೋ ಸಲ ಮೊದಲಿಗಿಂತ ಮೇಲೇ ಇರುತ್ತದೆ.

ಎಎಂಡಿ ರೈಜನ್‌ನಲ್ಲಿ ಇದೇ ಕೆಲಸಕ್ಕೆ ‘ಇಕೋ ಮೋಡ್’ ಇದೆ. 105 ವ್ಯಾಟ್ ವರ್ಗದ ಚಿಪ್ ವಾಸ್ತವದಲ್ಲಿ 142 ವ್ಯಾಟ್ ವರೆಗೆ ಎಳೆಯುತ್ತದೆ, 65ರ ಇಕೋ ಮೋಡ್‌ನಲ್ಲಿ 88ಕ್ಕೆ ನಿಲ್ಲುತ್ತದೆ. 7000 ಸರಣಿಯ ಹಲವು ಡೆಸ್ಕ್‌ಟಾಪ್ ಚಿಪ್‌ಗಳು ಪೂರ್ತಿ ಲೋಡಿನಲ್ಲಿ 95 ಡಿಗ್ರಿ ತೋರಿಸುವುದು ಅವುಗಳ ವಿನ್ಯಾಸ, ಕೂಲರ್ ಕೆಟ್ಟಿದೆ ಎಂದಲ್ಲ. ಕಡಿಮೆ ಬೇಕೆಂದರೆ ಬಯೋಸ್‌ನಲ್ಲಿ ತಾಪದ ಮಿತಿಯನ್ನೇ 85 ಮಾಡಬಹುದು.

ಯುಪಿಎಸ್ ದೂರುಗಳ ಮೂಲವೂ ಹಲವು ಸಲ ಇಲ್ಲೇ. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಕರೆಂಟ್ ಹೋದ ಕ್ಷಣ ಪ್ರೊಸೆಸರ್ ಪಿಎಲ್2ದಲ್ಲಿ, ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಲೋಡಿನಲ್ಲಿ ಇದ್ದರೆ ಓವರ್‌ಲೋಡ್ ಎಂದು ಕೂಗಿ ಆರುತ್ತದೆ. ಒಳಗಿನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 84 ವ್ಯಾಟ್-ಅವರ್. ಜೋರಾಗಿ ಎಳೆದಷ್ಟೂ ಕೈಗೆ ಸಿಗುವ ಪಾಲು ಕಡಿಮೆ. ಲೋಡನ್ನು 180ರಿಂದ 120 ವ್ಯಾಟ್‌ಗೆ ತಂದರೆ ಸಮಯ ಒಂದೂವರೆ ಪಟ್ಟಿಗಿಂತ ಹೆಚ್ಚೇ ಸಿಗುತ್ತದೆ.

ಬೆಸ್ಕಾಂ ಬಿಲ್ಲಿನ ಮಟ್ಟಿಗೆ, 30 ವ್ಯಾಟ್ ಉಳಿಸಿ ದಿನಕ್ಕೆ 10 ಗಂಟೆ, ತಿಂಗಳಿಗೆ 25 ದಿನ ಓಡಿಸಿದರೆ 7.5 ಯೂನಿಟ್. ಒಂದು ಮಷೀನಿಗೆ ಅದು ಸಣ್ಣ ಮೊತ್ತ. ಇಪ್ಪತ್ತು ಮಷೀನಿನ ಆಫೀಸಿಗೆ 150 ಯೂನಿಟ್, ಜೊತೆಗೆ ಆ ಬಿಸಿಯನ್ನು ಹೊರಹಾಕುವ ಎಸಿಯ ಖರ್ಚು.

ವೋಲ್ಟೇಜ್ ಮಾತ್ರ ಇಳಿಸುವುದು

ವೇಗ ಬಿಟ್ಟುಕೊಡದೆ ಬಿಸಿ ಇಳಿಸುವ ದಾರಿ ಇದು, ತಾಳ್ಮೆ ಇದ್ದವರಿಗೆ. ಇಂಟೆಲ್‌ನಲ್ಲಿ ಮೈನಸ್ 50 ಮಿಲಿವೋಲ್ಟ್‌ನಿಂದ ಶುರುಮಾಡಿ 10ರ ಹೆಜ್ಜೆಯಲ್ಲಿ ಇಳಿಯಿರಿ. ಕೋರ್ ಮತ್ತು ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಎರಡಕ್ಕೂ ಅದೇ ಅಂಕಿ ಕೊಡಿ. ಎಎಂಡಿಯಲ್ಲಿ ಇದೇ ಕೆಲಸ ಮಾಡುವ ಕರ್ವ್ ಆಪ್ಟಿಮೈಸರ್ ಆಯ್ಕೆಯಲ್ಲಿ ಮೈನಸ್ 10ರಿಂದ ಶುರುಮಾಡಿ. ಆಯ್ಕೆ ಮಸುಕಾಗಿ ಕಂಡರೆ ನಿಮ್ಮ ತಪ್ಪಲ್ಲ: 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ಲ್ಯಾಪ್‌ಟಾಪ್‌ಗಳ ಬಯೋಸ್ ಅಪ್‌ಡೇಟ್ ಅದಕ್ಕೆ ಬೀಗ ಹಾಕಿದೆ. ವಿಂಡೋಸ್‌ನ ‘ಮೆಮೊರಿ ಇಂಟೆಗ್ರಿಟಿ’ ಎಂಬ ಭದ್ರತಾ ಆಯ್ಕೆ ಆನ್ ಇದ್ದರೂ ಸಿಗದೆ ಹೋಗಬಹುದು. ಅದನ್ನು ಆಫ್ ಮಾಡುವುದು ಭದ್ರತೆ ಬಿಟ್ಟುಕೊಟ್ಟಂತೆ, ಆಫೀಸ್ ಮಷೀನಿನಲ್ಲಿ ಮಾಡಬೇಡಿ.

ಅತಿಯಾದ ಇಳಿಕೆಯ ಗುರುತು ಭಾರಿ ಲೋಡಿನಲ್ಲೇ ಬರಬೇಕೆಂದಿಲ್ಲ. ಹತ್ತು ನಿಮಿಷದ ಪರೀಕ್ಷೆ ಪಾಸಾದ ಮಷೀನ್ ರಾತ್ರಿ ಸುಮ್ಮನಿದ್ದಾಗ ರೀಸ್ಟಾರ್ಟ್ ಆಗಿರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ಗರಿಷ್ಠ ವೇಗಕ್ಕೆ ಜಿಗಿಯುವ ಕ್ಷಣ ವೋಲ್ಟೇಜ್ ಸಾಲದು. ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನ 18 ಅಥವಾ 19 ಸಂಖ್ಯೆಯ ಹಾರ್ಡ್‌ವೇರ್ ದೋಷ ಕಂಡರೆ 10–20 ಮಿಲಿವೋಲ್ಟ್ ಹಿಂದಕ್ಕೆ ಬನ್ನಿ. ಪೂರ್ತಿ ಖಾತ್ರಿಯಾಗುವ ತನಕ ಥ್ರಾಟಲ್‌ಸ್ಟಾಪ್ ತಾನಾಗಿ ಶುರುವಾಗದಂತೆ ಇಡಿ, ಆಗ ರೀಸ್ಟಾರ್ಟ್ ಮಾಡಿದರೆ ಎಲ್ಲ ಮೊದಲಿನಂತಾಗುತ್ತದೆ. ಬಯೋಸ್‌ನಲ್ಲೇ ಇಳಿಸಿ ಡೆಸ್ಕ್‌ಟಾಪ್ ಏಳದೆ ಹೋದರೆ ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ಸೆಲ್ ಐದು ನಿಮಿಷ ತೆಗೆದು ಹಾಕಿ.

13, 14ನೇ ತಲೆಮಾರಿನ ಇಂಟೆಲ್ ಡೆಸ್ಕ್‌ಟಾಪ್ ಚಿಪ್ ಇರುವವರು ಇದ್ಯಾವುದಕ್ಕೂ ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಅತಿ ವೋಲ್ಟೇಜ್ ಕೇಳಿಕೊಂಡು ಚಿಪ್ ಶಾಶ್ವತವಾಗಿ ಕೆಡುವ ತೊಂದರೆಗೆ 2024ರ ಆಗಸ್ಟ್‌ನಿಂದ ಇಂಟೆಲ್ ಮೈಕ್ರೋಕೋಡ್ (ಚಿಪ್ ಒಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟಿದೆ. ಈಗಾಗಲೇ ಕ್ರ್ಯಾಶ್ ಆಗುತ್ತಿರುವ ಅಂಥ ಚಿಪ್‌ಗೆ ವೋಲ್ಟೇಜ್ ಇಳಿಸಿದರೆ ಕಾರಣ ಇನ್ನಷ್ಟು ಮರೆಯಾಗುತ್ತದೆ; ವಾರಂಟಿ ವಿಚಾರಿಸಿ.

ಬಯೋಸ್ ಅಪ್‌ಡೇಟ್ ಮಾಡಿದಾಗಲೆಲ್ಲ ಪಿಎಲ್1, ಪಿಎಲ್2, ಇಕೋ ಮೋಡ್ ಎಲ್ಲ ಅಳಿದು ಕಂಪನಿಯ ಅಂಕಿಗಳಿಗೆ ಮರಳುತ್ತವೆ. ಸ್ಲೀಪ್‌ನಿಂದ ಎದ್ದ ಮೇಲೂ ಕೆಲವು ಲ್ಯಾಪ್‌ಟಾಪ್‌ಗಳು ಮಿತಿ ಮರೆಯುತ್ತವೆ. ಹಾಕಿದ ಅಂಕಿಗಳನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಚ್ಚಳ ಮುಚ್ಚಿ ತೆರೆದು ಮತ್ತೊಮ್ಮೆ ಪ್ಯಾಕೇಜ್ ಪವರ್ ನೋಡಿ.